ನೂರನೇ ಸುತ್ತು ಮುಗೀತು, ಒಂದಿಷ್ಟು ಜನಕ್ಕೆ ಥ್ಯಾಂಕ್ಸ್

ಮೊನ್ನೆ ಶನಿವಾರ ಇಂಗ್ಲೆಂಡಿನ ಶ್ರೂಸ್‌ಬರಿಯ ಹಳೇ ಗಿರಣಿ ಫ್ಲಾಕ್ಸ್‌ಮಿಲ್ ಮಾಲ್ಟಿಂಗ್ಸ್‌ನಲ್ಲಿ ನೂರನೇ ಸಲ ಜನರಿಗೆ ಕಟ್ಟಡ ಸುತ್ತಿಸಿ ತೋರಿಸಿದೆ. ಸಂಬಳವಿಲ್ಲದ ಕೆಲಸ. ಆದರೂ ಬಡ್ತಿ ಸಿಕ್ಕಷ್ಟು ಖುಷಿ.

ಮೊದಲ ಸಲ ಬಾಯಿಪಾಠ ಮಾಡಿದ್ದನ್ನೆಲ್ಲ ಒದರಿದ್ದೆ. 1797ರ ಅಗಸೆ ನಾರಿನ ಗಿರಣಿ, ಚಾರ್ಲ್ಸ್ ಬೇಜ್ ವಿನ್ಯಾಸ ಮಾಡಿದ್ದು, ಕಬ್ಬಿಣದ ಕಂಬ-ತೊಲೆಗಳ ಮೇಲೆ ನಿಂತ ಜಗತ್ತಿನ ಮೊದಲ ಕಟ್ಟಡ, ಇತ್ಯಾದಿ. ಆಮೇಲೆ ಇಲ್ಲಿ ತಯಾರಾದ ಮಾಲ್ಟ್, ಅಂದರೆ ಬಿಯರ್‌ಗಾಗಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಬಗ್ಗೆ ಎರಡೇ ಮಾತು. ಹಿಂದೆ ನಿಂತಿದ್ದ ಒಬ್ಬ ಅಜ್ಜ ಕೇಳಿದರು: "ಅದೆಲ್ಲ ಸರಿ, ಅಷ್ಟೊಂದು ಕಿಟಕಿ ಯಾಕೆ ಮುಚ್ಚಿದ್ದಾರೆ?" ನನಗೆ ಗೊತ್ತಿರಲಿಲ್ಲ.

ಅವರು ಹುಡುಗನಾಗಿದ್ದಾಗ ಇಲ್ಲೇ ದುಡಿದವರು. ಆವತ್ತು ಅರ್ಧ ಗಂಟೆ ಅವರದೇ ಪಾಠ. ಬಾರ್ಲಿಯನ್ನು ನೆನೆಹಾಕಿ ನೆಲದ ಮೇಲೆ ಹರಡುತ್ತಾರೆ. ಮೊಳಕೆ ಬರುವಾಗ ಕಾಳು ತಾನೇ ಬಿಸಿಯಾಗುತ್ತದೆ. ತಿರುವಿ ಹಾಕದಿದ್ದರೆ ಬೇರುಗಳು ಹೆಣೆದುಕೊಂಡು ಚಾಪೆಯಾಗಿಬಿಡುತ್ತವೆ. ಹೊರಗಿನ ಬಿಸಿಲು, ಗಾಳಿ ನೆಲದ ಹದ ಕೆಡಿಸಬಾರದು. ಅದಕ್ಕೇ 1897ರಲ್ಲಿ ವಿಲಿಯಂ ಜೋನ್ಸ್ ಇದನ್ನು ಮಾಲ್ಟ್ ಮನೆ ಮಾಡಿಸುವಾಗ ಗಿರಣಿಯ ದೊಡ್ಡ ಕಿಟಕಿಗಳಿಗೆ ಇಟ್ಟಿಗೆ ಬಿತ್ತು. ಮೊಳಕೆ ಜಾಸ್ತಿ ಬೆಳೆದರೆ ಕಾಳಿನ ಪಿಷ್ಟವನ್ನೆಲ್ಲ ತಾನೇ ತಿಂದುಬಿಡುತ್ತದೆ, ಬಿಯರ್ ಮಾಡುವವನಿಗೆ ಏನೂ ಉಳಿಯಲ್ಲ. ಆದ್ದರಿಂದ ಸರಿಯಾದ ಹೊತ್ತಿಗೆ ಕಾಳು ಒಣಗಿಸುವ ಗೂಡಿನ ಬಿಸಿಗೆ ಹಾಕಿ ಬೆಳವಣಿಗೆ ನಿಲ್ಲಿಸಬೇಕು. ಬಿಯರ್‌ನ ಬಣ್ಣ ಬಹುಮಟ್ಟಿಗೆ ಆ ಗೂಡಿನಲ್ಲೇ ತೀರ್ಮಾನವಾಗುತ್ತದೆ. ಹೆಸರು ಮಾತ್ರ ಬ್ರೂವರಿಯದ್ದು, ಅಲ್ವಾ!

ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಸೈನಿಕರಿದ್ದರು. ಆಮೇಲೆ ಬರ್ಮಿಂಗ್‌ಹ್ಯಾಮ್‌ನ ಆನ್ಸೆಲ್ಸ್ ಬ್ರೂವರಿಯ ಕೈಗೆ ಬಂತು. 1987ರಲ್ಲಿ ಮಾಲ್ಟ್ ಕೆಲಸ ನಿಂತೇ ಹೋಯಿತು. 2005ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ ಕೊಂಡುಕೊಂಡಿತು, 2022ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಆ ನಡುವೆ ಕೈಬಿಡದೆ ಬೆನ್ನುಹತ್ತಿದ ಸ್ಥಳೀಯರಿಗೆ, ಬಿರುಕುಬಿಟ್ಟ ಕಬ್ಬಿಣವನ್ನು ಜೋಪಾನ ಮಾಡಿದ ಕೆಲಸಗಾರರಿಗೆ ನಮಸ್ಕಾರ. ಗಂಟಲು ಕೆಟ್ಟ ದಿನ ನನ್ನ ಗುಂಪನ್ನು ಸುಮ್ನೆ ತಮ್ಮ ಜೊತೆ ಕರೆದುಕೊಂಡು ಹೋದ ಜೊತೆಗಾರರಿಗೂ.

ಆದರೆ ಜಾಸ್ತಿ ಋಣ ಆ ಅಜ್ಜನದ್ದೇ. ಅವರಿಂದಾಗಿ ಈಗ ನನ್ನ ಸುತ್ತು ಕಂಬದಿಂದಲ್ಲ, ನೆಲದಿಂದ ಶುರುವಾಗುತ್ತದೆ. ಮೊನ್ನೆಯೂ ಬಂದಿದ್ದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮಾತ್ರ ಹತ್ತಿರ ಬಂದು, "ಕಾಳು ತಿರುವೋದನ್ನ ತೋರಿಸಿದೆಯಲ್ಲ, ಮರದ ಸಲಿಕೆ ಹಿಡಿಯೋದು ಹಾಗಲ್ಲ" ಅಂದರು.