ಅಷ್ಟಮಿಗೆ ನಾನು ದುಂಬಿ ವೇಷ ಹಾಕಿದೆ ಮಾರಾಯ

ಪ್ರೀತಿಯ ಗೆಳೆಯಾ,

ಫೋಟೊ ನೋಡಿ "ಇದು ಕರಡಿಯಾ?" ಅಂತ ಕೇಳಿದ್ದೀಯಲ್ಲ. ಅಲ್ಲ, ದುಂಬಿ. ಮನೆಯ ಮಾಡಿನ ಮರದ ಪಟ್ಟಿ, ಅದೇ ಪಕ್ಕಾಸು, ಕೊರೆಯುವ ದೊಡ್ಡ ಕಪ್ಪು ದುಂಬಿ. ಫೋನಿನಲ್ಲಿ ಹೇಳಿದರೆ ಮುಗಿಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಬೇರೆಯವರೂ ಓದಲಿ. ಹಸಿರು ಛತ್ರಿಯ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ಉಡುಪಿಯ ರಥಬೀದಿ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? ತಾಸೆ ವಾದ್ಯದ ಪೆಟ್ಟು, ಹುಲಿವೇಷಗಳು, ಮೊಸರು ಕುಡಿಕೆ, ನಡುವೆ ಒಂದು ಮಳೆ. ಆ ಗದ್ದಲದಲ್ಲಿ ನಾನು. ಮೈಗೆ ಕಪ್ಪು ಬಟ್ಟೆ, ಬೆನ್ನಿಗೆ ನೀಲಿ ಮಿಂಚುವ ಎರಡು ರೆಕ್ಕೆ, ಸೊಂಟಕ್ಕೆ ಹತ್ತಿ ತುಂಬಿ ಹೊಲಿದ ಎರಡು ಕಾಲು. ನನ್ನ ಕೈಕಾಲು ಸೇರಿ ಆರು. ಒಂದು ಕೈಯಲ್ಲಿ ನಮ್ಮೂರಿನ ಗುಳ್ಳ ಬದನೆ, ಇನ್ನೊಂದರಲ್ಲಿ ಹಳದಿ ರಟ್ಟಿನ ಉದ್ದ ಕೊಳವೆ.

ಆಟ ಇದ್ದದ್ದು ಆ ಕೊಳವೆಯಲ್ಲಿ. ಬದನೆ ಹೂವಿನ ನಡುವೆ ಹಳದಿ ಕೇಸರಗಳು ಇರುತ್ತವಲ್ಲ, ಒಂದೊಂದೂ ಮುಚ್ಚಿದ ಕೊಳವೆ ಇದ್ದ ಹಾಗೆ. ತುದಿಯಲ್ಲಿ ಮಾತ್ರ ಸಣ್ಣ ತೂತು. ಪರಾಗ ಒಳಗೇ ಕೂತಿರುತ್ತದೆ. ಜೇನುನೊಣಕ್ಕೆ ಅದನ್ನು ಉದುರಿಸಲು ಬರುವುದಿಲ್ಲ. ದುಂಬಿಗೆ ಬರುತ್ತದೆ. ಅದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಝುಂ ಅಂತ ಸ್ವರ ಏರುತ್ತದೆ, ಹುಡಿ ಉದುರುತ್ತದೆ. ನನ್ನ ಕೊಳವೆಯೊಳಗೆ ಅರಸಿನ ತುಂಬಿದ್ದೆ. ಸುತ್ತ ನಿಂತ ಮಕ್ಕಳು ಒಟ್ಟಿಗೆ "ಝುಂ" ಅನ್ನಬೇಕು, ಆಗ ನಾನು ಕೊಡವಬೇಕು. ತಾಸೆಯ ಶಬ್ದವನ್ನೂ ಮೀರಿ ಕೂಗಿದವು ಮಾರಾಯ, ಮಕ್ಕಳು! ಅರಸಿನ ಉದುರಿದಾಗ ಅವುಗಳ ಮುಖ ನೋಡಬೇಕಿತ್ತು ನೀನು.

ಬದನೆ ಹೂವು ದುಂಬಿ ಇಲ್ಲದೆಯೂ ಸ್ವಲ್ಪ ಕಾಯಿ ಕಟ್ಟುತ್ತದೆ, ಸುಳ್ಳು ಹೇಳಬಾರದು. ಆದರೆ ದುಂಬಿ ಬಂದ ಹೂವು ಚೆನ್ನಾಗಿ ಕಟ್ಟುತ್ತದೆ. ನಮ್ಮ ಮಟ್ಟು ಊರಿನ ಬದನೆ ಮಟ್ಟುಗುಳ್ಳದ ಬೀಜ ಸೋದೆ ಮಠದ ಯತಿ ವಾದಿರಾಜರು ಕೊಟ್ಟದ್ದು ಅಂತ ನಾವೆಲ್ಲ ಹೇಳುತ್ತೇವೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದನ್ನೂ ಹೇಳುತ್ತೇವೆ. ದುಂಬಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಅಂಗಡಿಯ ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು "ಹುಳ ಕಡಿಮೆಯಾದರೆ ಒಳ್ಳೆಯದೇ ಅಲ್ವಾ?" ಅಂದರು. ಅವರ ಪಕ್ಕ ಕೂತು ಹೇಳಿದೆ. ಜರ್ಮನಿಯಲ್ಲಿ 63 ಸಂರಕ್ಷಿತ ಜಾಗಗಳಲ್ಲಿ ಬಲೆಯ ಗುಡಾರ ಕಟ್ಟಿ, ಬಿದ್ದ ಹುಳಗಳನ್ನು ತೂಗಿದ್ದರು. 27 ವರ್ಷಗಳಲ್ಲಿ ತೂಕ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. 2017ರಲ್ಲಿ ಲೆಕ್ಕ ಹೊರಬಂತು. ಅದೂ ಕಾಪಾಡಿಟ್ಟ ಜಾಗಗಳಲ್ಲಿ! ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮೊದಲೆಲ್ಲ ಯಕ್ಷಗಾನ ಆಟದ ರಂಗಸ್ಥಳದ ದೀಪಕ್ಕೆ ಎಷ್ಟು ಹುಳ ಮುತ್ತುತ್ತಿತ್ತು ಅಂತ ಅವರೇ ಶುರು ಮಾಡಿದರು.

ನನಗೆ ನಾವು ನೋಡಿದ ಆ ಆಟ ನೆನಪಾಯಿತು. ಕಟೀಲು ದೇವಿಯ ಕಥೆ. ಎರಡು ಕಾಲಿನವರಿಂದ, ನಾಲ್ಕು ಕಾಲಿನವುಗಳಿಂದ ಸಾವು ಬೇಡ ಅಂತ ವರ ಬೇಡಿದ ಅರುಣಾಸುರ. ಆರು ಕಾಲಿನದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ದೇವಿ ದುಂಬಿಯಾಗಿ ಬಂದಳು. ನೀನು ಅವತ್ತು ಬೆಳಿಗ್ಗೆವರೆಗೂ ಅರುಣಾಸುರನ ಅಬ್ಬರ ಹಾಕುತ್ತಲೇ ಬೈಕ್ ಓಡಿಸಿದ್ದೆ. ಹೆಲ್ಮೆಟ್ ಗಾಜಿಗೆ ಹುಳ ಬಡಿದು ಎರಡು ಸಲ ನಿಲ್ಲಿಸಿ ಒರೆಸಿದ್ದೆವು. ಈಗ ಅದೇ ದಾರಿಯಲ್ಲಿ ರಾತ್ರಿ ಬಂದರೂ ಗಾಜು ಶುಭ್ರ.

ಇಷ್ಟನ್ನೇ ಬರೆಯಬೇಕು ಅಂತ ಕೂತದ್ದು.

ನಾಲ್ಕನೆಯದೋ ಐದನೆಯದೋ ಸಲ ಕೊಳವೆ ಕೊಡವುವಾಗ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅದು ಅಮ್ಮನ ಕೈ ಆಡುತ್ತಿದ್ದ ರೀತಿ.

ನಮ್ಮ ಹಂಚಿನ ಮನೆಯ ಚಾವಡಿ ನಿನಗೆ ನೆನಪಿದೆ. ಪಕ್ಕಾಸಿನಲ್ಲಿ ಸಾಲಾಗಿ ತೂತು, ನೆಲದ ಮೇಲೆ ದಿನಾ ಮರದ ಹುಡಿ. ಅಮ್ಮ ಗುಡಿಸುತ್ತಿದ್ದಳು. "ಇರಲಿ ಬಿಡು, ಅವು ಯಾರಿಗೂ ಏನೂ ಮಾಡುವುದಿಲ್ಲ" ಅನ್ನುತ್ತಿದ್ದಳು. ಅವಳು ತವರಿಗೆ ಹೋಗಿದ್ದ ಒಂದು ದಿನ ನಾನು ಪ್ರತಿ ತೂತಿಗೂ ಚಿಮಿಣಿ ಎಣ್ಣೆ ಹೊಯ್ದೆ. ಆಮೇಲೆ ಸಿಮೆಂಟ್ ಮೆತ್ತಿದೆ. ಒಳಗಿನಿಂದ ಸ್ವರ ಬರುತ್ತಿತ್ತು. ಅದೇ ಝುಂ. ಕೇಳಿಸಿಕೊಂಡೇ ಮೆತ್ತಿದೆ. ಅಮ್ಮ ಬಂದು "ಹುಡಿ ಬೀಳುವುದು ನಿಂತಿತಲ್ಲ" ಅಂದಳು. ಹಾರಿ ಹೋಗಿರಬೇಕು ಅಂದೆ.

ಆ ವರ್ಷ ಹಿತ್ತಿಲಿನ ಗುಳ್ಳದ ಗಿಡಗಳಲ್ಲಿ ಹೂವು ತುಂಬಿತ್ತು, ಕಾಯಿ ಇರಲಿಲ್ಲ. ನೀರೋ ಗೊಬ್ಬರವೋ ಬೇರೆ ಕಾರಣವೂ ಇರಬಹುದು. ಆದರೆ ಅಮ್ಮ ದಿನಾ ಬೆಳಿಗ್ಗೆ ಗಿಡದ ಹತ್ತಿರ ನಿಂತು, ಒಂದೊಂದು ಹೂವಿನ ತೊಟ್ಟು ಹಿಡಿದು ಬೆರಳಲ್ಲಿ ಮೆಲ್ಲಗೆ ಕೊಡವುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಸುಮ್ನೆ ಹುಳ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ. ದುಂಬಿ ಮಾಡುತ್ತಿದ್ದ ಕೆಲಸ ಅವಳಿಗೆ ಗೊತ್ತಿತ್ತು. ಅವು ಯಾಕೆ ಬರುತ್ತಿಲ್ಲ ಅನ್ನುವುದೂ ಗೊತ್ತಿತ್ತೋ ಏನೋ. ಈಗ ಕೇಳೋಣ ಅಂದರೆ ಅವಳಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೂ.

ಸಾಕು. ಇಲ್ಲಿಗೆ ಬಿಡುತ್ತೇನೆ, ಇಲ್ಲದಿದ್ದರೆ ನೀನು ರಾತ್ರಿಯೇ ಫೋನ್ ಮಾಡುತ್ತೀ.

ಮಾಡಿನ ಕೆಳಗೆ ಬಿದಿರಿನ ತುಂಡುಗಳನ್ನು ಕಟ್ಟಿ ತೂಗುಹಾಕಿದ್ದೇನೆ. ಒಣ ಬಿದಿರಿನಲ್ಲೂ ಅವು ಗೂಡು ಮಾಡುತ್ತವೆ. ಇನ್ನೂ ಯಾವುದೂ ಬಂದಿಲ್ಲ. ದಿನಾ ಕೆಳಗೆ ಹುಡಿ ಬಿದ್ದಿದೆಯಾ ಅಂತ ನೋಡುತ್ತೇನೆ.

ಅಂದ ಹಾಗೆ, ಒಬ್ಬಳು ಪುಟ್ಟ ಹುಡುಗಿ ನನ್ನ ಸುತ್ತ ಒಂದು ಸುತ್ತು ಬಂದು "ದುಂಬಿಗೆ ನಾಲ್ಕು ರೆಕ್ಕೆ ಅಲ್ವಾ ಮಾಮ?" ಅಂದಳು. ಹೌದು, ಎರಡು ಜೊತೆ. ಅವಳು ಹೇಳಿದ್ದೇ ಸರಿ. ಮುಂದಿನ ಅಷ್ಟಮಿಗೆ ಈಗಲೇ ರಜೆ ಹಾಕಿಡು. ರೆಕ್ಕೆ ಹೊಲಿಯಲು ನನ್ನೊಬ್ಬನ ಕೈ ಸಾಲದು. ಗುಳ್ಳದ ಹುಳಿ, ಅದೇ ಬೋಳು ಕೊದ್ದೆಲ್, ನಾನು ಮಾಡುತ್ತೇನೆ, ಛತ್ರಿ ನೀನು ತಾ.

ನಿನ್ನ,
ಮಟ್ಟುವಿನವ