7 ದಿನಕ್ಕೇ ಫೇಲ್ ಮಾಡಬೇಡಿ

ಸಂಪಾದಕರೇ,

ಮರಳು ಮಣ್ಣಿಗೆ ಸಿಮೆಂಟ್ ಬೆರೆಸಿ ಗಟ್ಟಿ ಮಾಡಿ ಅದರ ಮೇಲೆ ರಸ್ತೆ ಹಾಕುವುದು ಹಳೆಯ ಪದ್ಧತಿ. ಬಲ ಸಾಲದಿದ್ದರೆ ಇನ್ನಷ್ಟು ಸಿಮೆಂಟ್ ಸುರಿಯಿರಿ, ಇದೇ ಎಲ್ಲರ ಉತ್ತರ. ಆ ಸಿಮೆಂಟಿನಲ್ಲೇ ಒಂದು ಪಾಲು ತೆಗೆದು ಜಿಯೋಲೈಟ್, ಜ್ವಾಲಾಮುಖಿ ಬೂದಿ ತರಹದ ನೈಸರ್ಗಿಕ ಖನಿಜದ ಪುಡಿ ಹಾಕಿದರೆ ಬಲ ಜಾಸ್ತಿಯೂ ಆಗಬಹುದು ಅಂದರೆ ಸೈಟಿನಲ್ಲಿ ಯಾರೂ ನಂಬುವುದಿಲ್ಲ. ತಪ್ಪು ಪುಡಿಯದ್ದಲ್ಲ, ನಾವು ಪರೀಕ್ಷೆ ಮಾಡುವ ದಿನದ್ದು.

ಸಿಮೆಂಟಿಗೆ ನೀರು ಬಿದ್ದಾಗ ಮರಳಿನ ಕಾಳುಗಳನ್ನು ಹಿಡಿದಿಡುವ ಅಂಟಿನ ಜೊತೆಗೆ ಸುಣ್ಣವೂ ಹುಟ್ಟುತ್ತದೆ. ಬಲಕ್ಕೆ ಈ ಸುಣ್ಣದಿಂದ ಅಂಥ ಲಾಭವಿಲ್ಲ, ಸುಮ್ನೆ ಕೂತಿರುತ್ತದೆ. ಪುಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಅದೇ ಸುಣ್ಣದ ಜೊತೆ ಸೇರಿ ಇನ್ನಷ್ಟು ಅಂಟು ಮಾಡುತ್ತವೆ, ಆದರೆ ನಿಧಾನವಾಗಿ. ಅದಕ್ಕೇ 7ನೇ ದಿನ ಒತ್ತಿ ನೋಡಿದರೆ ಬರೀ ಸಿಮೆಂಟ್ ಹಾಕಿದ ಮಣ್ಣೇ ಸಾಮಾನ್ಯವಾಗಿ ಮುಂದಿರುತ್ತದೆ. 28 ದಿನಕ್ಕೆ ಅಂತರ ಕಡಿಮೆಯಾಗುತ್ತದೆ, ಪಾಲು ಸರಿಯಿದ್ದರೆ ಪುಡಿ ಹಾಕಿದ್ದು ದಾಟಿ ಹೋಗುವುದೂ ಉಂಟು. 90 ದಿನದವರೆಗೂ ಬಲ ಏರುತ್ತಲೇ ಇರುತ್ತದೆ. ಅಷ್ಟು ದಿನ ಕಾಯುವವರು ಯಾರು? 7ನೇ ದಿನದ ಹಾಳೆ ನೋಡಿ 'ಆಗಲ್ಲ' ಅಂತ ಬರೆದರೆ ಕಥೆ ಅಲ್ಲಿಗೇ ಮುಗಿಯಿತು.

ಹಾಗಂತ ಯಾವ ಕಲ್ಲಿನ ಪುಡಿಯಾದರೂ ನಡೆಯುತ್ತದೆ ಅಂತಲ್ಲ. ಬೆಣಚುಕಲ್ಲಿನಲ್ಲಿ ಸಿಲಿಕಾ ಬೇಕಾದಷ್ಟಿದೆ, ಆದರೆ ಅದು ಸುಣ್ಣದ ಜೊತೆ ಸುಲಭಕ್ಕೆ ಸೇರುವುದಿಲ್ಲ, ಸಂದು ತುಂಬುತ್ತದೆ ಅಷ್ಟೇ. ಜೇಡಿಯನ್ನೂ ಹಸಿಯಾಗಿ ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ, ಬಿಳಿ ಜೇಡಿಯನ್ನು 600–800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಮೇಲೆ ಅದು ಚುರುಕಾಗುತ್ತದೆ. ಪುಡಿ ನುಣ್ಣಗಿರಬೇಕು. ಜಿಯೋಲೈಟ್ ನೀರು ಹೀರುತ್ತದೆ, ಹಾಗಾಗಿ ಹಳೆಯ ನೀರಿನ ಲೆಕ್ಕವನ್ನೇ ಇಟ್ಟುಕೊಂಡರೆ ಮಿಶ್ರಣ ಒಣಗಿ ಸರಿಯಾಗಿ ಅಡಕವಾಗುವುದಿಲ್ಲ, ಆಮೇಲೆ ಪುಡಿಯನ್ನು ಬೈಯುತ್ತೇವೆ! ಕ್ಯೂರಿಂಗ್ (ಹಾಕಿದ ಪದರ ಒಣಗದಂತೆ ತೇವವಾಗಿಡುವುದು) ಬೇಗ ನಿಲ್ಲಿಸಿದರಂತೂ ಮುಗಿದೇಹೋಯಿತು, ತೇವ ಇಲ್ಲದೆ ಈ ನಿಧಾನದ ಕೆಲಸ ಮುಂದಕ್ಕೆ ಹೋಗುವುದೇ ಇಲ್ಲ.

ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ ಎಂಬ ಅಂದಾಜಿದೆ. ಹೀಗಿರುವಾಗ ಒಂದು ಪಾಲು ಸಿಮೆಂಟ್ ಉಳಿದರೂ ಸಣ್ಣ ಮಾತಲ್ಲ, ಅಲ್ವಾ? ಟೆಂಡರ್ ಬರೆಯುವವರು 7 ದಿನದ ಜೊತೆಗೆ 28 ಮತ್ತು 90 ದಿನದ ಬಲವನ್ನೂ ಕೇಳಲಿ. ವಾರದೊಳಗೆ ಲಾರಿ ಓಡಿಸಲೇಬೇಕಾದ ರಸ್ತೆಗೆ ಮಾತ್ರ ಬರೀ ಸಿಮೆಂಟೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

– ಒಬ್ಬ ಸಿವಿಲ್ ಎಂಜಿನಿಯರ್