ಬಟ್ಟೆ ಹೊಲಿಯುವಾಕೆ ಹೇಳಿದ್ದು

ಮೈಸೂರು

ಚಿ. ಮೇಧಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಪಿಎಚ್‌.ಡಿ.ಗೆ ದೊಡ್ಡ ಕರುಳಿನ ಕ್ಯಾನ್ಸರ್ ಮೇಲೆ ಕೆಲಸ ಮಾಡುವ ಲ್ಯಾಬ್ ಸೇರುತ್ತಿರುವುದನ್ನು ನಿನ್ನ ಅಪ್ಪ ಹೇಳಿದ. ಮೂವತ್ತೈದು ವರ್ಷ, ರೋಗ ಪತ್ತೆ ಮಾಡುವ ಪೆಥಾಲಜಿ ಸ್ಲೈಡುಗಳ ಮೇಲೆ ಬಗ್ಗಿ ಕುಳಿತವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಈಚೆಗೆ ಬಂದಿರಲಿಲ್ಲ. ಫೋನಿನಲ್ಲಾದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರಗಳ ವಿಷಯದಲ್ಲಿ ನಾನು ನಿನಗೆ ಹೇಳಿಕೊಡುವಂಥದ್ದು ಏನೂ ಉಳಿದಿಲ್ಲ. ಹೇಳಬೇಕಾದದ್ದು 1895ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ನಡೆದದ್ದು. ಮಿಷಿಗನ್ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಪಾಲಿನ್ ಗ್ರಾಸ್ ಎಂಬಾಕೆ, ತಾನು ಚಿಕ್ಕ ವಯಸ್ಸಿಗೇ ಸಾಯುವವಳು ಎಂದರು. ತಮ್ಮ ಮನೆತನದಲ್ಲಿ ಎಷ್ಟೋ ಜನ ಹೊಟ್ಟೆಯ, ಕರುಳಿನ, ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗಿದ್ದಾರೆ, ತನ್ನದೂ ಅದೇ ದಾರಿ ಎಂದರು. ವಾರ್ಥಿನ್ ಸಮಾಧಾನ ಹೇಳಿ ಕಳಿಸಿಬಿಡಲಿಲ್ಲ. ಬರೆದುಕೊಂಡರು. ಪಾಲಿನ್ ಕೂಡ ಯಾರು ಯಾವ ಕಾಯಿಲೆಯಿಂದ ಹೋದರೆಂದು ಬಂಧುಬಳಗದಲ್ಲಿ ಕೇಳಿ ಕೇಳಿ ತಿಳಿಸಿದರು. ಆ ವಂಶವೃಕ್ಷ 1913ರಲ್ಲಿ ಅಚ್ಚಾಯಿತು. 1919ರಲ್ಲಿ ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಆಮೇಲೆ ಹಲವು ದಶಕ ಅದನ್ನು ಕೇಳುವವರೇ ಕಡಿಮೆ. 1960ರ ದಶಕದಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರಿಗೆ ಕುಡಿತಕ್ಕೆ ಬಿದ್ದ ರೋಗಿಯೊಬ್ಬ ಸಿಕ್ಕ. ಮನೆಯವರೆಲ್ಲ ಕ್ಯಾನ್ಸರಿನಿಂದ ಸತ್ತರು, ನಾನೂ ಸಾಯುವವನೇ, ಅದಕ್ಕೇ ಕುಡಿಯುತ್ತೇನೆ ಎಂದ. ಲಿಂಚ್ ಕೂಡ ಬರೆದುಕೊಂಡರು. ಅವರ ಜೊತೆ ಕೆಲಸ ಮಾಡುತ್ತಿದ್ದ ಸಮಾಜ ಕಾರ್ಯಕರ್ತೆ ಆನ್ ಕ್ರಶ್ ಅವರ ಹೆಸರನ್ನೂ ನೆನಪಿಡು; ವಾರ್ಥಿನ್ ಅವರ ಹಳೆಯ ಕಡತಗಳು ಕೈಗೆ ಬಂದಾಗ ಪಾಲಿನ್ ಅವರ ಮನೆತನದ ಮುಂದಿನ ಕಥೆಯನ್ನು 1971ರಲ್ಲಿ ಪ್ರಕಟಿಸಿದವರು ಇವರಿಬ್ಬರು.

ಉಳಿದದ್ದು ನಿನಗೆ ಗೊತ್ತು. ಕೋಶ ಎರಡಾಗಿ ಒಡೆಯುವಾಗ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರ ಹಾಗೆ ಆ ತಪ್ಪುಗಳನ್ನು ಹಿಡಿಯುವ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದರ ಜೀನ್, ಎಂಎಸ್‌ಎಚ್‌2, 1993ರಲ್ಲಿ ಸಿಕ್ಕಿತು. ಅದರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದು, ಕರುಳಿನ ಯಾವುದೋ ಕೋಶದಲ್ಲಿ ಇನ್ನೊಂದೂ ಕೆಟ್ಟರೆ ತಿದ್ದುವವರೇ ಇಲ್ಲ. ಕರುಳಿನ ಒಳಪದರವೋ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುವಂಥದ್ದು. ತಪ್ಪುಗಳು ಎಷ್ಟು ಬೇಗ ಗುಡ್ಡೆ ಬೀಳುತ್ತವೆಂದು ಯೋಚಿಸು. ಪಾಲಿನ್ ಅವರ ಮನೆತನದಲ್ಲಿ ಕೆಟ್ಟಿದ್ದು ಇದೇ ಜೀನ್ ಎಂದು 2000ದಲ್ಲಿ ಖಚಿತವಾಯಿತು. ಆಕೆ ಹೇಳಿದ ಮಾತಿಗೆ ಪುರಾವೆ ಸಿಗಲು ನೂರೈದು ವರ್ಷ ಬೇಕಾಯಿತು, ಮಗು.

ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. 1984ರಲ್ಲಿ ನಾನಿದ್ದ ಆಸ್ಪತ್ರೆಗೆ ಮೂವತ್ತೊಂಬತ್ತು ವರ್ಷದ ರೈತನೊಬ್ಬನ ಕರುಳಿನ ಗಡ್ಡೆ ಬಂತು. ವರದಿ ತೆಗೆದುಕೊಳ್ಳಲು ಬಂದ ಅವನ ಹೆಂಡತಿ, ಇವರ ಅಪ್ಪನೂ ಹೀಗೇ ಹೋದರು, ಇವರ ಸೋದರತ್ತೆಯೂ ಹೀಗೇ, ಇದು ಮನೆತನಕ್ಕೆ ಅಂಟಿದ್ದಾ ಸ್ವಾಮಿ ಎಂದು ಕೇಳಿದಳು. ಹಾಗೇನಿಲ್ಲಮ್ಮ ಎಂದೆ. ವರದಿಯಲ್ಲಿ ಒಂದು ಸಾಲೂ ಬರೆಯಲಿಲ್ಲ. ಅವಳ ಸೆರಗು ಹಿಡಿದು ಒಂಬತ್ತು ವರ್ಷದ ಮಗ ನಿಂತಿದ್ದ. ಆ ಕಾಲಕ್ಕೆ ಜೀನ್ ಸಿಕ್ಕಿರಲಿಲ್ಲ ನಿಜ. ಮನೆಯವರಿಗೆ ಎಚ್ಚರ ಹೇಳಲು ಜೀನ್ ಬೇಕಿರಲಿಲ್ಲ. ಒಂಬತ್ತು ವರ್ಷದ ನಂತರ ಅದು ಸಿಕ್ಕ ಸುದ್ದಿ ಓದಿದ ದಿನ ಅವರ ಊರಿನ ಹೆಸರು ನೆನಪಿಸಿಕೊಳ್ಳಲು ಇಡೀ ರಾತ್ರಿ ಒದ್ದಾಡಿದೆ. ನೆನಪಾಗಲಿಲ್ಲ. ಆ ಹುಡುಗನಿಗೆ ಈಗ ಅಪ್ಪನ ವಯಸ್ಸು ದಾಟಿರಬೇಕು, ಇದ್ದರೆ.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ತಿದ್ದುವ ಜೀನ್ ಕೆಟ್ಟು ಮನೆತನದಲ್ಲಿ ಇಳಿದುಬರುವ ಈ ಬಗೆ, ಅಂದರೆ ಲಿಂಚ್ ಸಿಂಡ್ರೋಮ್, ನೂರಕ್ಕೆ ಮೂರರಷ್ಟು ಮಾತ್ರ ಎಂದು ನೀನು ಹೇಳಬಹುದು. ಹೌದು, ನಿನ್ನ ಕೆಲಸ ಕರುಳಿನ ಬ್ಯಾಕ್ಟೀರಿಯಾದ ಮೇಲೆ. ಕೆಲವು ಇ. ಕೋಲೈ ಬ್ಯಾಕ್ಟೀರಿಯಾಗಳು ಉಗುಳುವ ಕೋಲಿಬ್ಯಾಕ್ಟಿನ್ ಎಂಬ ವಿಷ ಡಿಎನ್‌ಎಯಲ್ಲಿ ಬಿಡುವ ಗುರುತು ಚಿಕ್ಕ ವಯಸ್ಸಿಗೇ ಕಾಯಿಲೆ ಬಂದವರ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುತ್ತದೆಂದು 2025ರಲ್ಲಿ ಬಂದ ಪ್ರಬಂಧವನ್ನು ನಾನೂ ಎರಡು ಸಲ ಓದಿದೆ. ದೊಡ್ಡ ಕೆಲಸ ಅದು. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ಬರೆಯಲು ಅವಸರಪಡಬೇಡ. ಆ ವಿಷ ತಗುಲಿಯೂ ಗಡ್ಡೆಯಾಗದವರು ಏಕೆ ಉಳಿದರೆಂದು ಕೇಳದೆ ಅದು ಪೂರ್ತಿಯಾಗುವುದಿಲ್ಲ. ಮಗುವಾಗಿದ್ದಾಗ ಏನು ಉಂಡರು, ಯಾವ ಔಷಧಿ ತೆಗೆದುಕೊಂಡರು, ಮನೆಯಲ್ಲಿ ಇನ್ನಾರಿಗಿತ್ತು, ಇವನ್ನು ಡಿಎನ್‌ಎ ಓದುವ ಯಾವ ಸೀಕ್ವೆನ್ಸಿಂಗ್ ಯಂತ್ರವೂ ಹೇಳುವುದಿಲ್ಲ. ಯಾರಾದರೂ ಕುಳಿತು ಕೇಳಬೇಕು.

ವಾರಕ್ಕೊಂದು ದಿನವಾದರೂ ಲ್ಯಾಬ್ ಬಿಟ್ಟು ಹೊರರೋಗಿ ವಿಭಾಗದ ಬೆಂಚಿನಲ್ಲಿ ಕುಳಿತುಕೋ. ಅಜ್ಜಿಯರು ಮೊದಲು ಬೇರೆ ಏನೇನೋ ಹೇಳುತ್ತಾರೆ, ಕಾಯಿಲೆಯ ಮಾತು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಏಳಬೇಡ.

ದೀಪಾವಳಿಗೆ ಬರುವಾಗ, ನಿಮ್ಮ ಲ್ಯಾಬಿಗೆ ಮಾದರಿಯ ಜೊತೆ ಬರುವ ಫಾರಂನ ಖಾಲಿ ಪ್ರತಿಯೊಂದನ್ನು ತೆಗೆದುಕೊಂಡು ಬಾ. ಅದರಲ್ಲಿ ಮನೆಯವರ ಬಗ್ಗೆ ಎಷ್ಟು ಸಾಲು ಜಾಗ ಬಿಟ್ಟಿದ್ದಾರೆಂದು ನೋಡಬೇಕು. ಕಡಿಮೆಯಿದ್ದರೆ ಇಬ್ಬರೂ ಕುಳಿತು ಹೊಸದೊಂದನ್ನು ಬರೆಯೋಣ, ನೀನು ನಿನ್ನ ಗೈಡ್‌ಗೆ ತೋರಿಸು.

ಇತಿ,
ನಿನ್ನ ದೊಡ್ಡಪ್ಪ